ಒಂದು ಗಳಿಗೆ ಹಿಂದಿರುವ ಊರು

ಯುಗಾದಿ ಕಳೆದ ಎರಡನೆಯ ದಿನ ಅವ್ವ ಹೊಸ ಪಂಚಾಂಗ ಹಿಡಿದುಕೊಂಡು ಅಂಗಡಿಗೇ ಬಂದಳು. ಚಿತ್ರದುರ್ಗದಲ್ಲಿ ನನ್ನದು ಮೋಟಾರ್ ರಿವೈಂಡಿಂಗ್ ಅಂಗಡಿ. ಬೇಸಿಗೆಯ ಭರಾಟೆ, ಸುಟ್ಟ ಮೋಟಾರುಗಳು ಬಾಗಿಲವರೆಗೆ ಸಾಲುಗಟ್ಟಿದ್ದವು.

"ತದಿಗೆ ಹನ್ನೆರಡು ಗಳಿಗೆ ಮೂವತ್ತು ವಿಗಳಿಗೆಯವರೆಗೆ ಎಂದು ಹಾಕಿದ್ದಾರೆ. ನಮ್ಮ ಗಡಿಯಾರದಲ್ಲಿ ಅದು ಎಷ್ಟು ಗಂಟೆಯಪ್ಪಾ?"

ಲೆಕ್ಕ ಕಷ್ಟದ್ದಲ್ಲ. ಹಗಲು ರಾತ್ರಿ ಸೇರಿ 60 ಗಳಿಗೆ, ಆದ್ದರಿಂದ ಒಂದು ಗಳಿಗೆಗೆ 24 ನಿಮಿಷ. ಗಳಿಗೆಯ ಅರವತ್ತನೆಯ ಪಾಲು ವಿಗಳಿಗೆ, ಅದು 24 ಸೆಕೆಂಡು. ಹನ್ನೆರಡೂವರೆ ಗಳಿಗೆ ಎಂದರೆ 300 ನಿಮಿಷ, ಸರಿಯಾಗಿ ಐದು ಗಂಟೆ. ಆದರೆ ಈ ಎಣಿಕೆ ನಡುರಾತ್ರಿಯಿಂದಲ್ಲ, ಸೂರ್ಯ ಹುಟ್ಟಿದಾಗಿನಿಂದ. "ಆರು ಇಪ್ಪತ್ತಕ್ಕೆ ಹುಟ್ಟಿದ್ದಾನೆ, ಹನ್ನೊಂದು ಇಪ್ಪತ್ತರವರೆಗೆ ತದಿಗೆ" ಎಂದೆ.

ಅವ್ವನಿಗೆ ಸಮಾಧಾನವಾಗಲಿಲ್ಲ. "ನಮ್ಮವ್ವನ ಮದುವೆಯಲ್ಲಿ ಈ ಗುಣಾಕಾರ ಭಾಗಾಕಾರ ಏನೂ ಇರಲಿಲ್ಲವಂತೆ. ಗಳಿಗೆ ಬಟ್ಟಲು ಇಟ್ಟಿದ್ದರಂತೆ. ಅದು ಮುಳುಗಿತು, ಅಕ್ಕಿಕಾಳು ಹಾಕಿದರು, ಮುಗಿಯಿತು" ಎಂದು ಪಂಚಾಂಗ ಮಡಚಿಕೊಂಡು ಹೊರಟಳು.

ಗಳಿಗೆ ಬಟ್ಟಲಿನ ಮಾತು ಕೇಳಿದ್ದೆನೇ ಹೊರತು ಕಣ್ಣಿಂದ ಕಂಡಿರಲಿಲ್ಲ. ತಳದಲ್ಲಿ ಸಣ್ಣ ತೂತಿರುವ ತಾಮ್ರದ ಬಟ್ಟಲು. ನೀರಿನ ಮೇಲೆ ತೇಲಿಬಿಟ್ಟರೆ ತೂತಿನಿಂದ ನೀರು ಒಳಗೆ ಏರಿ, ಒಂದು ಗಳಿಗೆಗೆ ಸರಿಯಾಗಿ ಮುಳುಗಬೇಕು. ಹಳೆಯ ಖಗೋಳ ಗ್ರಂಥ ಸೂರ್ಯಸಿದ್ಧಾಂತ ಇದನ್ನು ಕಪಾಲ ಯಂತ್ರ ಎನ್ನುತ್ತದೆ: ಕೆಳಗೆ ರಂಧ್ರವಿರುವ ತಾಮ್ರದ ಪಾತ್ರೆ, ನಿರ್ಮಲವಾದ ನೀರಿನ ಕುಂಡ, ದಿನಕ್ಕೆ ಅರವತ್ತು ಸಲ ಮುಳುಗುವುದು. ನಾವು ಬಳಸುವ ಗಡಿಯಾರ ಎಂಬ ಮಾತಿನ ಬೇರೂ ಈ ಘಟಿಕೆಯಲ್ಲೇ ಇದೆ. ಬಟ್ಟಲು ಮುಳುಗಿದಾಗಲೆಲ್ಲ ಲೋಹದ ತಟ್ಟೆಗೆ ಬಡಿದು ಊರಿಗೆ ಸಾರುತ್ತಿದ್ದವರನ್ನು ಬಾಬರ್ ಕೂಡ ಕಂಡು ಬರೆದಿಟ್ಟಿದ್ದಾನೆ. ಒಂದು ಬಟ್ಟಲು, ಒಂದು ತೂತು, ಅಷ್ಟೇ ತಾನೆ? ಭಾನುವಾರದ ಒಂದು ಬೆಳಿಗ್ಗೆ ಸಾಕು ಎಂದುಕೊಂಡೆ. ಮೂರು ವಾರ ಹಿಡಿಯಿತು.

ಪೂಜಾ ಸಾಮಗ್ರಿ ಅಂಗಡಿಯಲ್ಲಿ ನೆಟ್ಟಗಿನ ಗೋಡೆಯ ತಾಮ್ರದ ಬಟ್ಟಲೊಂದು ಸಿಕ್ಕಿತು. ಅಗಲ 10 ಸೆಂ.ಮೀ., ಎತ್ತರ 5 ಸೆಂ.ಮೀ., ತೂಕ 160 ಗ್ರಾಂ. ಅಂಗಡಿಯಲ್ಲಿದ್ದ ಅತಿ ಸಣ್ಣ ಡ್ರಿಲ್ ಬಿಟ್ 1 ಮಿ.ಮೀ.ನದು, ಅದರಿಂದಲೇ ತಳದ ನಡುವೆ ತೂತು ಹಾಕಿದೆ. ಆಳದ ಸ್ಟೀಲ್ ಬೋಗುಣಿಗೆ ನೀರು ತುಂಬಿ ಬಟ್ಟಲನ್ನು ಮೆಲ್ಲಗೆ ಬಿಟ್ಟೆ.

ಏನೂ ಆಗಲಿಲ್ಲ. ಬಟ್ಟಲು ಕೆರೆಯ ಬಾತುಕೋಳಿಯಂತೆ ನಿರಾಳವಾಗಿ ತೇಲುತ್ತಿತ್ತು. ಬಾಗಿ ನೋಡಿದರೆ ತೂತಿನ ಬಾಯಲ್ಲಿ ನೀರು ಸಾಸಿವೆ ಕಾಳಿನಷ್ಟು ಉಬ್ಬಿ ನಿಂತಿದೆ, ಮುಂದೆ ಬರುತ್ತಿಲ್ಲ. ಐದು ನಿಮಿಷ ಕಾದೆ, ಆ ಕಾಳು ಅಲ್ಲಾಡಲಿಲ್ಲ. ಹೊಸ ತಾಮ್ರದ ಪಾತ್ರೆಗಳಿಗೆ ಹೊಳಪು ಉಳಿಯಲೆಂದು ತೆಳ್ಳಗೆ ವಾರ್ನಿಷ್ ಬಳಿದಿರುತ್ತಾರೆ, ಸಾಲದ್ದಕ್ಕೆ ನನ್ನ ಗ್ರೀಸು ಮೆತ್ತಿದ ಬೆರಳುಗಳು. ಜಿಡ್ಡಿನ ಮೈಯ ಮೇಲೆ ನೀರು ಹರಡುವುದಿಲ್ಲ, ಮುತ್ತಾಗಿ ಕೂರುತ್ತದೆ. ಇಷ್ಟು ಸಣ್ಣ ತೂತಿನಲ್ಲಿ ಆ ಮುತ್ತಿನ ಬಿಗಿತವನ್ನು ಒಡೆಯುವಷ್ಟು ಒತ್ತಡ ಕೆಳಗಿನ ನೀರಿಗೆ ಇರುವುದಿಲ್ಲ. ಅವ್ವ ನನ್ನ ವಿವರಣೆ ಮುಗಿಯುವವರೆಗೆ ಕಾಯಲಿಲ್ಲ. ಬಟ್ಟಲನ್ನು ಕಿತ್ತುಕೊಂಡು ಹುಣಸೆಹಣ್ಣು, ಉಪ್ಪು ಹಾಕಿ ತಿಕ್ಕಿ ಕೊಟ್ಟಳು. ನೀರಿಗಿಟ್ಟೊಡನೆ ತೂತಿನಿಂದ ಬೆಳ್ಳಿ ಎಳೆಯಂತೆ ನೀರು ಮೇಲೆದ್ದಿತು.

13 ನಿಮಿಷ 40 ಸೆಕೆಂಡಿಗೆ ಮುಳುಗಿತು. ತೂತು ದೊಡ್ಡದಾಗಿದೆ.

ಆದರೆ ಆ ಹದಿಮೂರು ನಿಮಿಷ ಬೋಗುಣಿಯ ಪಕ್ಕ ಕೂತದ್ದು ವ್ಯರ್ಥವಾಗಲಿಲ್ಲ. ಹೊರಗಿನ ನೀರು ಬಟ್ಟಲೊಳಗಿನ ನೀರಿಗಿಂತ ಸುಮಾರು ಎರಡು ಸೆಂ.ಮೀ. ಮೇಲಿತ್ತು. ಒಳಗೆ ನೀರು ತುಂಬುತ್ತಾ ಹೋದರೂ ಆ ಅಂತರ ಕಡಿಮೆಯಾಗಲಿಲ್ಲ. ನೀರು ಬಂದಷ್ಟೂ ಬಟ್ಟಲು ಕೆಳಗಿಳಿಯುತ್ತದೆ, ಅಂತರ ಮಾತ್ರ ಅಷ್ಟೇ ಉಳಿಯುತ್ತದೆ. ಅದನ್ನು ನಿರ್ಧರಿಸುವುದು ಬಟ್ಟಲಿನ ತೂಕ ಮತ್ತು ಅಗಲ, ಒಳಗಿನ ನೀರಲ್ಲ. ಅಂತರ ಒಂದೇ ಆದ್ದರಿಂದ ನೀರು ಏರುವ ವೇಗವೂ ಮೊದಲಿನಿಂದ ಕೊನೆಯವರೆಗೆ ಒಂದೇ. ತೊಟ್ಟಿಯಿಂದ ನೀರು ಸೋರಿಸಿ ಕಾಲ ಅಳೆಯಲು ಹೋದವರಿಗೆ ಈ ಅನುಕೂಲ ಇರಲಿಲ್ಲ. ಮಟ್ಟ ಇಳಿದಂತೆ ಧಾರೆ ಸೊರಗುತ್ತದೆ. ಈಜಿಪ್ಟಿನ ಕಾರ್ನಾಕ್‌ನಲ್ಲಿ ಸಿಕ್ಕ, ಕ್ರಿ.ಪೂ. 1400ರ ಸುಮಾರಿನ ನೀರ್ಗಡಿಯಾರದ ಗೋಡೆಗಳು ಇಳಿಜಾರಾಗಿರುವುದು ಈ ಸೊರಗುವಿಕೆಯನ್ನು ಸರಿದೂಗಿಸಲು. ನಮ್ಮ ಬಟ್ಟಲಿಗೆ ಆ ಉಪಾಯವೇ ಬೇಡ. ಇದನ್ನು ಮೊದಲು ಯೋಚಿಸಿದವರು ಯಾರೋ, ಕೈ ಮುಗಿಯಬೇಕು.

ಸರಿ, ತೂತಿಗೆ ಬರೋಣ. 1 ಮಿ.ಮೀ. ತೂತಿನ ಮೇಲೆ ಹಿತ್ತಾಳೆಯ ತೆಳುತಗಡಿನ ಚೂರೊಂದನ್ನು ಬೆಸುಗೆ ಹಾಕಿ, ಅದರಲ್ಲಿ ಇನ್ನೂ ಸಣ್ಣ ತೂತು ಮಾಡಬೇಕು. ಅಂಥ ಬಿಟ್ ಇರುವುದು ಚಿನ್ನದ ಕೆಲಸದವರ ಹತ್ತಿರ. ನಮ್ಮ ಬೀದಿಯ ಆಚಾರರ ಬಳಿ ಹೋದೆ. ಅವರು ಬೆಸುಗೆಯ ಸುತ್ತ ಉಳಿದಿದ್ದ ಸೀಸವನ್ನು ಕಂಡು ಮುಖ ಸಿಂಡರಿಸಿ, ತಾವೇ ಅರದಿಂದ ಉಜ್ಜಿ ಸಮ ಮಾಡಿ, 0.7 ಮಿ.ಮೀ.ನ ಬಿಟ್ಟನ್ನು ಕೈಯಲ್ಲೇ ತಿರುಗಿಸಿ ತೂತು ತೆಗೆದರು. ಅವರ ಕೈ ಓಡುತ್ತಿರುವಾಗ ನನಗಿದ್ದ ಒಂದು ಸಂಶಯ ಕೇಳಿದೆ. ಭಾಗವತ ಪುರಾಣದಲ್ಲಿ ಈ ಬಟ್ಟಲಿಗೆ ಆರು ಪಲ ತೂಕದ ತಾಮ್ರ, ತೂತಿಗೆ ನಾಲ್ಕು ಮಾಷ ತೂಕದ ಚಿನ್ನದಿಂದ ಮಾಡಿದ ನಾಲ್ಕು ಅಂಗುಲದ ಸೂಜಿ ಎಂದು ಹೇಳಿದೆ. "ಚಿನ್ನ ಮೆತ್ತಗಲ್ಲವೇ ಆಚಾರರೇ? ತಾಮ್ರವನ್ನು ಅದು ಹೇಗೆ ಚುಚ್ಚುತ್ತದೆ?"

"ಚುಚ್ಚುವುದಕ್ಕಲ್ಲಪ್ಪ ಅದು, ಅಳತೆಗೆ" ಎಂದರು ತಲೆ ಎತ್ತದೆ. "ನಾಲ್ಕು ಮಾಷ ಚಿನ್ನವನ್ನು ನಾಲ್ಕು ಅಂಗುಲ ಉದ್ದಕ್ಕೆ ಎಳೆ. ಅದರ ದಪ್ಪ ಎಷ್ಟಿರಬೇಕೋ ಅಷ್ಟೇ ಬರುತ್ತದೆ. ಕಾಶಿಯಲ್ಲಿ ಎಳೆದರೂ ಅಷ್ಟೇ, ದುರ್ಗದಲ್ಲಿ ಎಳೆದರೂ ಅಷ್ಟೇ."

ಇಪ್ಪತ್ತೆರಡು ವರ್ಷದಿಂದ ತಂತಿಯ ಗೇಜು ನೋಡಿ ಹೊಟ್ಟೆ ಹೊರೆಯುತ್ತಿರುವ ನನಗೆ ಇದು ಹೊಳೆಯಲಿಲ್ಲವಲ್ಲ ಎಂದು ನಾಚಿಕೆಯಾಯಿತು. ಮೈಕ್ರೋಮೀಟರ್ ಇಲ್ಲದ ಕಾಲದಲ್ಲಿ ತೂಕ, ಉದ್ದ ಎರಡನ್ನೇ ಹಿಡಿದು ದಪ್ಪವನ್ನು ಊರೂರಿಗೆ ಕಳಿಸಿದ್ದಾರೆ.

ಹೊಸ ತೂತಿನಲ್ಲಿ 27 ನಿಮಿಷ 50 ಸೆಕೆಂಡ್. ಈಗ ಸಣ್ಣದಾಯಿತು, ಆದರೆ ದೊಡ್ಡದು ಮಾಡುವುದು ಸುಲಭ. ಹೊಲಿಗೆ ಸೂಜಿಯ ಮೊನೆ ತೂರಿಸಿ ಎರಡು ಸುತ್ತು ತಿರುಗಿಸುವುದು, ಬಟ್ಟಲು ಬಿಡುವುದು, ಅರ್ಧ ಗಂಟೆ ಕಾಯುವುದು. ಮೊಬೈಲಿನ ಸ್ಟಾಪ್‌ವಾಚ್ ಪಕ್ಕದಲ್ಲಿ. 26:15 ಬಂತು. ಮತ್ತೆ ಸೂಜಿ, 25:40. ಮತ್ತೆ ಸೂಜಿ, 27:05! ಸೂಜಿ ಹಾಕಿ ದೊಡ್ಡದು ಮಾಡಿದ ತೂತಿನಲ್ಲಿ ನೀರು ಇನ್ನೂ ನಿಧಾನ ಏರಿದ್ದು ಹೇಗೆ? ಭೂತಗನ್ನಡಿಯಲ್ಲಿ ನೋಡಿದರೆ ತೂತಿನ ಅಂಚಿಗೆ ಬಿಳಿಯ ಪುಡಿ ಕಟ್ಟಿತ್ತು. ನಮ್ಮದು ಬೋರ್‌ವೆಲ್ ನೀರು, ಗಡಸು ಎಂದರೆ ಗಡಸು. ಗೀಸರಿನ ಕಾಯಿಲ್ಲನ್ನೇ ತಿಂದು ಹಾಕುವ ನೀರಿಗೆ ಮುಕ್ಕಾಲು ಮಿ.ಮೀ. ತೂತು ಯಾವ ಲೆಕ್ಕ? ಸೂರ್ಯಸಿದ್ಧಾಂತದ "ನಿರ್ಮಲ" ಎಂಬ ಮಾತನ್ನು ಅಲಂಕಾರ ಎಂದುಕೊಂಡಿದ್ದೆ, ಅದು ಕೆಲಸಗಾರನ ಎಚ್ಚರಿಕೆ. ಅಂದಿನಿಂದ ಫಿಲ್ಟರ್ ನೀರನ್ನೇ ಬಳಸಿದೆ.

ಈ ನಡುವೆ ಭಾಸ್ಕರಾಚಾರ್ಯರು ಹೇಳಿದ್ದು ತಿಳಿದು ನಗು ಬಂತು. ಹನ್ನೆರಡನೆಯ ಶತಮಾನದ ಆ ಮನುಷ್ಯ ಪಲ, ಮಾಷ, ಅಂಗುಲದ ಗೊಡವೆಗೇ ಹೋಗಿಲ್ಲ. ಅರ್ಧ ಗಡಿಗೆಯಾಕಾರದ ತಾಮ್ರದ ಬಟ್ಟಲಿಗೆ ತಳದಲ್ಲಿ ದೊಡ್ಡ ತೂತು ಮಾಡಿ, ಹಗಲು ರಾತ್ರಿಯಲ್ಲಿ ಎಷ್ಟು ಸಲ ಮುಳುಗುತ್ತದೆಂದು ಎಣಿಸಿ, ಆ ಸಂಖ್ಯೆಯಿಂದ ದಿನವನ್ನು ಭಾಗಿಸಿ ಎಂದುಬಿಟ್ಟಿದ್ದಾರೆ. ಅಂದರೆ ನನ್ನ 13 ನಿಮಿಷ 40 ಸೆಕೆಂಡಿನ ಬಟ್ಟಲಿಗೂ ಯಾವ ದೋಷವೂ ಇರಲಿಲ್ಲ, ದಿನಕ್ಕೆ 105 ಸಲಕ್ಕಿಂತ ಸ್ವಲ್ಪ ಹೆಚ್ಚು ಮುಳುಗುವ ಯಂತ್ರ ಅದು. ಬುದ್ಧಿವಂತಿಕೆ ಎಂದರೆ ಇದು. ಆದರೆ ನನಗೆ 24 ನಿಮಿಷವೇ ಬೇಕಿತ್ತು, ಹಟ.

ಸೂಜಿಯಿಂದ 24 ನಿಮಿಷ 58 ಸೆಕೆಂಡಿಗೆ ತಂದು ನಿಲ್ಲಿಸಿದೆ. ಇನ್ನೊಂದು ಸುತ್ತು ತಿರುಗಿಸಿದರೆ 23ಕ್ಕೆ ಇಳಿಯುವ ಭಯ. ತೂತನ್ನು ಮತ್ತೆ ಕಿರಿದು ಮಾಡಲಾಗದು. ಆಗ ಬೇರೆ ದಾರಿ ತೋಚಿತು. ನೀರಿನ ಮಟ್ಟಗಳ ಅಂತರ ಬಟ್ಟಲಿನ ತೂಕದಿಂದ ಬರುವುದಾದರೆ, ತೂಕ ಹೆಚ್ಚಿಸಿದರೆ ನೀರು ರಭಸವಾಗಿ ಏರಬೇಕು, ಮುಳುಗಲು ಬೇಕಾದ ನೀರೂ ಕಡಿಮೆಯಾಗಬೇಕು. ಮೇಜಿನ ಮೇಲೆ ಮನೆ ಪಂಪಿಗೆ ಸುತ್ತುತ್ತಿದ್ದ 22 ಗೇಜಿನ ಎನಾಮಲ್ ತಂತಿಯ ರೀಲು ಇತ್ತು. ಬಟ್ಟಲಿನ ಕಂಠದ ಕೆಳಗೆ ಒಂದು ಸುತ್ತು ಬಿಗಿಯಾಗಿ ಸುತ್ತಿ ತುದಿ ಹೆಣೆದೆ. 24:46. ಒಂದು ಸುತ್ತಿಗೆ ಒಂದು ಗ್ರಾಂಗಿಂತ ಚೂರು ಹೆಚ್ಚು ತಂತಿ, ಹನ್ನೆರಡು ಸೆಕೆಂಡು ಕಡಿತ. ಐದು ಸುತ್ತಿಗೆ 23 ನಿಮಿಷ 58 ಸೆಕೆಂಡ್ ಬಂತು. ಈ ಮೂರು ವಾರದಲ್ಲಿ ನನಗೆ ಅತಿ ಹೆಚ್ಚು ಖುಷಿ ಕೊಟ್ಟ ಗಳಿಗೆ ಅದೇ. ಮೋಟಾರಿಗೆ ಸುತ್ತಿದಂತೆ ಗಳಿಗೆಗೂ ತಂತಿ ಸುತ್ತಿ ಸರಿಮಾಡಿದೆ ಎಂದು ಅಂಗಡಿಗೆ ಬಂದವರಿಗೆಲ್ಲ ಹೇಳಿದೆ. ಅವರು ತಮ್ಮ ಮೋಟಾರು ಯಾವಾಗ ಸಿಗುತ್ತದೆಂದು ಕೇಳಿದರು.

ಬೆಳಗಿನ ತಣ್ಣೀರಿನಲ್ಲಿ ಅದೇ ಬಟ್ಟಲು ಅರ್ಧ ನಿಮಿಷ ತಡ ಮಾಡುತ್ತದೆ. ನೀರು ತಣ್ಣಗಾದಷ್ಟೂ ಸಣ್ಣ ತೂತಿನಲ್ಲಿ ಹರಿಯಲು ಸೋಮಾರಿ. ಅದಕ್ಕೆ ನನ್ನ ಬಳಿ ಪರಿಹಾರವಿಲ್ಲ.

ಇಷ್ಟಕ್ಕೇ ನಿಲ್ಲಿಸಬಹುದಿತ್ತು. ಆದರೆ ಮೊಬೈಲ್ ಹಿಡಿದು ಗಳಿಗೆ ಬಟ್ಟಲನ್ನು ಪರೀಕ್ಷಿಸುವುದು ಒಂಥರಾ ಮೋಸದಾಟವೆನಿಸಿತು. ಮೊಬೈಲಿನ ಸೆಕೆಂಡ್ ಆಕಾಶದಿಂದ ಬಂದದ್ದಲ್ಲ. 1967ರಿಂದ ಸೆಕೆಂಡ್ ಎಂದರೆ ಸೀಸಿಯಂ-133 ಪರಮಾಣುವಿನ 919 ಕೋಟಿ 26 ಲಕ್ಷ 31 ಸಾವಿರದ 770 ಕಂಪನಗಳ ಅವಧಿ. ನಮ್ಮ ದೇಶದ ಪಾಲಿಗೆ ಅದನ್ನು ಕಾಯುವುದು ದೆಹಲಿಯ ರಾಷ್ಟ್ರೀಯ ಭೌತ ಪ್ರಯೋಗಾಲಯ. ಬಟ್ಟಲು ಹುಟ್ಟಿದ ಕಾಲದಲ್ಲಿ ಅದರ ತಪ್ಪು ಹಿಡಿಯುತ್ತಿದ್ದವನು ಸೂರ್ಯ. ಹಾಗಾದರೆ ಸೂರ್ಯನನ್ನೇ ಕೇಳೋಣ ಎಂದು ತಾರಸಿ ಹತ್ತಿದೆ.

ಮೆಟ್ಟಿಲಕೋಣೆಯ ಗೋಡೆಗೆ ಕಬ್ಬಿಣದ ಪಟ್ಟಿ ಬಿಗಿದು, ನೆಲದಿಂದ ಸರಿಯಾಗಿ 2 ಮೀಟರ್ ಎತ್ತರದಲ್ಲಿ 3 ಮಿ.ಮೀ. ತೂತಿರುವ ತಗಡನ್ನು ಅಡ್ಡಲಾಗಿ ಕೂರಿಸಿದೆ. ತಗಡಿನ ನೆರಳಿನೊಳಗೆ ಸೂರ್ಯನ ಬಿಂಬ ಒಂದು ರೂಪಾಯಿ ನಾಣ್ಯದಷ್ಟು ದುಂಡಗೆ ಬೀಳುತ್ತದೆ. ತೂತಿನ ನೇರ ಕೆಳಗಿನ ಜಾಗ ಗುರುತಿಸಲು ಗಾರೆ ಕೆಲಸದವರ ತೂಗುಗುಂಡು ಇಳಿಬಿಟ್ಟೆ. ಚಿತ್ರದುರ್ಗದ ಗಾಳಿ ಅದನ್ನು ನಿಲ್ಲಲು ಬಿಡಬೇಕಲ್ಲ! ಸುತ್ತಲ ಗುಡ್ಡಗಳ ಮೇಲೆ ಗಾಳಿಯಂತ್ರಗಳನ್ನು ಸುಮ್ಮನೆ ನೆಟ್ಟಿಲ್ಲ. ಗುಂಡನ್ನು ಬಕೆಟ್ ನೀರಿನಲ್ಲಿ ಮುಳುಗಿಸಿದ ಮೇಲೆ ದಾರ ಅಲ್ಲಾಡುವುದು ನಿಂತಿತು. ನೆಲಕ್ಕೆ ಎರಡು ಕಡ್ಡಿ ಹಿಡಿದು ದಾರದ ಸಾಲನ್ನು ಇಳಿಸಿಕೊಂಡೆ.

ಉತ್ತರ ದಕ್ಷಿಣದ ಗೆರೆಯನ್ನು ಮೊದಲು ಮೊಬೈಲಿನ ದಿಕ್ಸೂಚಿ ನೋಡಿ ಎಳೆದು ಕೆಟ್ಟೆ. ತಾರಸಿಯೊಳಗೆಲ್ಲ ಕಬ್ಬಿಣದ ಕಂಬಿ, ನಾಲ್ಕು ಹೆಜ್ಜೆ ಸರಿದರೆ ಉತ್ತರವೂ ಸರಿಯುತ್ತಿತ್ತು. ಹಳೆಯ ಪದ್ಧತಿಯೇ ಗಟ್ಟಿ. ಕೆಳಗಿನ ಬಿಂದುವನ್ನು ನಡುವಾಗಿಸಿ ಒಂದು ಮೀಟರ್ ತ್ರಿಜ್ಯದ ವೃತ್ತ ಎಳೆಯಬೇಕು. ಬೆಳಿಗ್ಗೆ ಬಿಂಬ ವೃತ್ತದ ಒಳಗೆ ಬರುವ ಜಾಗ, ಮಧ್ಯಾಹ್ನದ ಮೇಲೆ ಹೊರಗೆ ಹೋಗುವ ಜಾಗ ಎರಡಕ್ಕೂ ಗುರುತು ಹಾಕಬೇಕು. ಅವುಗಳನ್ನು ಸೇರಿಸಿದರೆ ಪೂರ್ವ ಪಶ್ಚಿಮ, ಅದಕ್ಕೆ ಲಂಬವಾಗಿ ನಡುವಿನ ಮೂಲಕ ಎಳೆದದ್ದೇ ಉತ್ತರ ದಕ್ಷಿಣ. ಶುಲ್ಬಸೂತ್ರಗಳ ಕಾಲದಿಂದ ಯಜ್ಞವೇದಿಗೆ ದಿಕ್ಕು ಹಿಡಿದದ್ದು ಹೀಗೆಯೇ. ನನ್ನ ಎರಡು ಗೆರೆಗಳ ನಡುವೆ ಎಂಟು ಡಿಗ್ರಿ ಅಂತರ ಬಂತು.

ಬಿಂಬ ಈ ಗೆರೆಯನ್ನು ದಾಟುವ ಹೊತ್ತೇ ನಮ್ಮೂರಿನ ನಿಜವಾದ ನಡುಹಗಲು. ಅದು ಗಡಿಯಾರದ ಹನ್ನೆರಡಕ್ಕೆ ಆಗುವುದಿಲ್ಲ ಎಂಬುದು ಗೊತ್ತಿತ್ತು. 1906ರ ಜನವರಿ 1ರಿಂದ ಭಾರತಕ್ಕೆಲ್ಲ ಒಂದೇ ಸಮಯ ಬಂತು, ಇಲ್ಲಿ ಮಾರಿಕಣಿವೆ ಅಣೆಕಟ್ಟು ಮುಗಿಯುವ ಹಿಂದಿನ ವರ್ಷ. ಅದು ಮಿರ್ಜಾಪುರದ ಬಳಿ ಹಾಯುವ 82.5 ಡಿಗ್ರಿ ರೇಖಾಂಶದ ಸಮಯ. ಅದಕ್ಕೆ ಮೊದಲು ರೈಲುಗಳು ಮದರಾಸು ವೇಧಶಾಲೆಯ ಸಮಯಕ್ಕೆ ಓಡುತ್ತಿದ್ದವು. ಕಲ್ಕತ್ತ 1948ರವರೆಗೂ, ಬೊಂಬಾಯಿ 1955ರವರೆಗೂ ತಂತಮ್ಮ ಸಮಯವನ್ನು ಬಿಟ್ಟುಕೊಡಲಿಲ್ಲ. ನಮ್ಮೂರು ಇರುವುದು ಸುಮಾರು 76.4 ಡಿಗ್ರಿಯಲ್ಲಿ. ಅಂತರ 6.1 ಡಿಗ್ರಿ. ಭೂಮಿ ಒಂದು ಡಿಗ್ರಿ ತಿರುಗಲು 4 ನಿಮಿಷ. ಗುಣಿಸಿದರೆ 24.4 ನಿಮಿಷ, ಅಂದರೆ 24 ನಿಮಿಷ 24 ಸೆಕೆಂಡ್.

ಕ್ಯಾಲ್ಕುಲೇಟರ್ ಕೆಳಗಿಟ್ಟು ಮತ್ತೊಮ್ಮೆ ಕೈಯಲ್ಲೇ ಮಾಡಿದೆ. ಒಂದು ಗಳಿಗೆ, ಒಂದು ವಿಗಳಿಗೆ. ಮಿರ್ಜಾಪುರದ ನೆತ್ತಿಯ ರೇಖೆಯನ್ನು ಬಿಟ್ಟ ಸೂರ್ಯ ದುರ್ಗಕ್ಕೆ ಬರಲು ತೆಗೆದುಕೊಳ್ಳುವುದು ನಾನು ಮೂರು ವಾರದಿಂದ ಒದ್ದಾಡುತ್ತಿದ್ದ ಅದೇ ಅವಧಿ. ಇದು ಬರಿ ಕಾಕತಾಳೀಯ, ಯಾವ ಋಷಿಯೂ ಲೆಕ್ಕ ಹಾಕಿ ಊರು ಕಟ್ಟಿದ್ದಲ್ಲ. ಆದರೂ ಮೈ ಜುಮ್ಮೆಂದಿತು. ಗಡಿಯಾರ ಹನ್ನೆರಡು ತೋರಿಸಿದಾಗ ಬಟ್ಟಲು ಬಿಟ್ಟರೆ, ಅದು ಮುಳುಗುವಾಗ ಬಿಂಬ ಗೆರೆಯ ಮೇಲಿರಬೇಕು!

ವರ್ಷದ ಎಲ್ಲ ದಿನವೂ ಅಲ್ಲ. ಭೂಮಿಯ ದಾರಿ ಪೂರ್ತಿ ದುಂಡಗಿಲ್ಲ, ಅಕ್ಷವೂ ಓರೆ. ಹಾಗಾಗಿ ಸೂರ್ಯ ಫೆಬ್ರವರಿಯಲ್ಲಿ ಹದಿನಾಲ್ಕು ನಿಮಿಷ ಹಿಂದೆ ಬೀಳುತ್ತಾನೆ, ನವೆಂಬರ್ ಮೊದಲಲ್ಲಿ ಹದಿನಾರು ನಿಮಿಷ ಮುಂದೆ ಓಡುತ್ತಾನೆ. ಚಿತ್ರದುರ್ಗದ ನಡುಹಗಲು 12:08ರಿಂದ 12:38ರವರೆಗೆ ತೂಗಾಡುತ್ತದೆ. ಸೂರ್ಯನೂ ಗಡಿಯಾರವೂ ರಾಜಿಯಾಗುವುದು ವರ್ಷಕ್ಕೆ ನಾಲ್ಕೇ ಸಲ. ಅದರಲ್ಲೊಂದು ಏಪ್ರಿಲ್ 15ರ ಆಸುಪಾಸು.

ಏಪ್ರಿಲ್ 15ಕ್ಕೆ ಮೋಡ. ಅಶ್ವಿನಿ ಮಳೆ ಹುಟ್ಟಿ ಎರಡು ದಿನವಾಗಿತ್ತು. 16ಕ್ಕೂ ಮೋಡ. ಹೊಲದವರೆಲ್ಲ ಮಳೆಗೆ ಬಾಯಿ ಬಿಟ್ಟುಕೊಂಡಿರುವಾಗ ನಾನೊಬ್ಬ ಬಿಸಿಲು ಬೇಡುತ್ತಿದ್ದೆ. 17ಕ್ಕೆ ಆಕಾಶ ತೊಳೆದಿಟ್ಟಂತಿತ್ತು. ಆ ಹೊತ್ತಿಗೆ ಸೂರ್ಯ ಸುಮಾರು 24 ಸೆಕೆಂಡ್ ಮುಂದಾಗಿದ್ದ. ಆ ಹೆಚ್ಚುವರಿ ವಿಗಳಿಗೆಯೂ ಕಳೆದು ನಡುಹಗಲು ಸರಿಯಾಗಿ 12:24ಕ್ಕೆ ಬೀಳಬೇಕಿತ್ತು. ಮೋಡ ಉಪಕಾರವನ್ನೇ ಮಾಡಿತ್ತು.

ಬೋಗುಣಿಯನ್ನು ಗಾಳಿ ತಾಗದಂತೆ ಮೆಟ್ಟಿಲಕೋಣೆಯಲ್ಲಿಟ್ಟು ಅವ್ವನನ್ನು ಕಾವಲು ಕೂರಿಸಿದೆ. ಹನ್ನೆರಡಕ್ಕೆ ಅವಳೇ ಬಟ್ಟಲು ಬಿಟ್ಟಳು. ನಾನು ಗೆರೆಯ ಪಕ್ಕ ಮೊಣಕಾಲೂರಿದೆ. ತಳದ ಬಿಂದುವಿನಿಂದ 13 ಸೆಂ.ಮೀ. ಉತ್ತರಕ್ಕೆ ಬಿಂಬ ಪಶ್ಚಿಮದಿಂದ ತೆವಳುತ್ತಿತ್ತು, ನಿಮಿಷಕ್ಕೆ ಎಂಟೂವರೆ ಮಿ.ಮೀ. ಅಂಚು ನಡುಗುತ್ತಿತ್ತು. ಕಾದ ಸಿಮೆಂಟಿನಿಂದ ಏಳುವ ಝಳಕ್ಕೋ, ನನ್ನ ಕಣ್ಣಿಗೆ ಇಳಿಯುತ್ತಿದ್ದ ಬೆವರಿಗೋ ತಿಳಿಯಲಿಲ್ಲ. 12:22:40ಕ್ಕೆ ಬಿಂಬದ ಮುಂದಿನ ಅಂಚು ಗೆರೆ ಮುಟ್ಟಿತು. ಸೀಮೆಸುಣ್ಣದ ಗೆರೆ ಬಿಂಬದೊಳಗೆ ಕೂದಲಿನಂತೆ ಸರಿಯುತ್ತಾ ನಡುವಿಗೆ ಬರುತ್ತಿದ್ದಾಗ ಹಿಂದಿನಿಂದ ಠಣ್ ಎಂದಿತು. "ಮುಳುಗಿತಪ್ಪಾ!" ಎಂದು ಕೂಗಿದಳು ಅವ್ವ. 12:23:52. ಬಿಂಬದ ಹಿಂದಿನ ಅಂಚು ಗೆರೆ ಬಿಟ್ಟದ್ದು 12:25:14ಕ್ಕೆ. ಮೊದಲಿನದಕ್ಕೂ ಕೊನೆಯದಕ್ಕೂ ನಡು ಹಿಡಿದರೆ 12:23:57.

ಐದು ಸೆಕೆಂಡ್ ಅಂತರ! ಇದರಲ್ಲಿ ಅದೃಷ್ಟದ ಪಾಲು ದೊಡ್ಡದು. ಮರುದಿನ ಮಾಡಿದಾಗ ನೀರು ತಣ್ಣಗಿದ್ದು ಬಟ್ಟಲು 12:24:15ಕ್ಕೆ ಮುಳುಗಿತು, ಬಿಂಬ 12:23:40ಕ್ಕೇ ದಾಟಿ ಹೋಗಿತ್ತು. ಅಂದು ಸಂಜೆ ಅಶ್ವಿನಿ ಮಳೆ ಧೋ ಎಂದು ಸುರಿದು ಗೆರೆ, ವೃತ್ತ ಎಲ್ಲವನ್ನೂ ಅಳಿಸಿಬಿಟ್ಟಿತು. ಮುಂದಿನ ಸಲ ಸಿಮೆಂಟು ಕೊರೆದು ಹಿತ್ತಾಳೆ ಪಟ್ಟಿ ಕೂರಿಸಬೇಕು.

ದಾವಣಗೆರೆಯಲ್ಲಿರುವ ತಂಗಿಗೆ ಅವ್ವ ಫೋನಿನಲ್ಲಿ ಎಲ್ಲ ಹೇಳಿದ್ದಾಳೆ. "ಅಣ್ಣಾ, ನಮ್ಮೂರಿಗೂ ಒಂದು ಬಟ್ಟಲು ಮಾಡಿಕೊಡು" ಎಂಬ ಬೇಡಿಕೆ ಬಂದಿದೆ. ದಾವಣಗೆರೆ ನಮಗಿಂತ ಪಶ್ಚಿಮಕ್ಕಿದೆ, 75.92 ಡಿಗ್ರಿ. ಅಲ್ಲಿಗೆ ಸೂರ್ಯ ಸುಮಾರು ಎರಡು ನಿಮಿಷ ತಡವಾಗಿ ಬರುತ್ತಾನೆ, 26 ನಿಮಿಷ 19 ಸೆಕೆಂಡಿಗೆ. ಐದೂ ಸುತ್ತು ತಂತಿ ಬಿಚ್ಚಿದರೂ ನನ್ನ ಬಟ್ಟಲು 24:58ಕ್ಕೇ ಮುಳುಗುತ್ತದೆ. ಇನ್ನೂ ಒಂದು ನಿಮಿಷ ಇಪ್ಪತ್ತೊಂದು ಸೆಕೆಂಡ್ ತೇಲಬೇಕಾದರೆ ಇದೇ ಅಳತೆಯ, ಏಳೂವರೆ ಗ್ರಾಂ ಹಗುರವಾದ ಬಟ್ಟಲು ಬೇಕು. ನಾಳೆ ಪಾತ್ರೆ ಅಂಗಡಿಗೆ ಹೋಗುವಾಗ ನನ್ನ ತಕ್ಕಡಿಯನ್ನೂ ತೆಗೆದುಕೊಂಡು ಹೋಗುತ್ತೇನೆ.